ಪ್ರಜೆಯಾಗಿ ಹುಟ್ಟಿದ ತಾತ, ಪರೀಕ್ಷೆ ಬರೆಯುವ ಮೊಮ್ಮಗಳು: ಬ್ರಿಟನ್ನಿನ ಪೌರತ್ವ ಪರೀಕ್ಷೆಯನ್ನು ಕೊಯಮತ್ತೂರಿನ ಕನ್ನಡದಿಂದ ಓದುವ ಬಗೆ

ಕೊಯಮತ್ತೂರು ಜಿಲ್ಲೆಯ ಮೇಟ್ಟುಪಾಳೆಯಂ ಸಮೀಪ, ಭವಾನಿ ನದಿಯ ಮಗ್ಗುಲಲ್ಲಿರುವ ಸಿರುಮುಗೈ ನೇಕಾರರ ಊರು. ಅಲ್ಲಿನ ಅನೇಕ ದೇವಾಂಗ ಕುಟುಂಬಗಳ ಮನೆಮಾತು ಕನ್ನಡ. ಅಂಥದೊಂದು ಮನೆಯ ಮೊಮ್ಮಗಳು ಈಗ ಬ್ರಿಟನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್. ರಜೆಗೆ ಊರಿಗೆ ಬಂದಾಗ ಆಕೆ ತನ್ನೊಡನೆ ಒಂದು ಪುಸ್ತಕ ತಂದಿದ್ದಳು. ಆ ದೇಶದಲ್ಲಿ ಖಾಯಂ ಆಗಿ ನೆಲೆಸಬಯಸುವವರು ಬರೆಯಬೇಕಾದ ಪರೀಕ್ಷೆಯ ಅಧಿಕೃತ ಕೈಪಿಡಿ ಅದು. ಸಾಹಿತ್ಯ ಓದಿದವಳೆಂಬ ಕಾರಣಕ್ಕೆ ಅದರ ಇತಿಹಾಸದ ಅಧ್ಯಾಯವನ್ನು ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾವು ಓದುತ್ತಿದ್ದುದು ಇಂಗ್ಲಿಷಿನಲ್ಲಿ. ಆಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದುದು ತಮಿಳಿನಲ್ಲಿ. ಅರ್ಥವಾಯಿತೇ ಎಂದು ಪರಸ್ಪರ ಕೇಳಿಕೊಳ್ಳುತ್ತಿದ್ದುದು ಕನ್ನಡದಲ್ಲಿ. ಮಗ್ಗದ ಪಕ್ಕದಲ್ಲಿ ಕುಳಿತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಆಕೆಯ ತಾತ ಒಂದು ಸಂಜೆ ಹೇಳಿದರು: "ನಾನು ಹುಟ್ಟಿದಾಗ ಇಲ್ಲಿದ್ದದ್ದೂ ಅವರ ರಾಜ್ಯವೇ. ಆಗ ನಮ್ಮನ್ನು ಯಾರೂ ಪರೀಕ್ಷೆ ಕೇಳಲಿಲ್ಲ."

ತಾತನ ಮಾತು ಕಾನೂನಿನ ದೃಷ್ಟಿಯಿಂದಲೂ ಸರಿಯಾದುದು ಎಂಬುದನ್ನು ಮುಂದೆ ನೋಡಲಿದ್ದೇವೆ. ಪರದೇಶದ ಇತಿಹಾಸವನ್ನು ಪರೀಕ್ಷೆಗಾಗಿ ಕಲಿಯುವುದು ಮೇಲ್ನೋಟಕ್ಕೆ ಮಾಹಿತಿ ಸಂಗ್ರಹದ ಕೆಲಸ. ಆದರೆ ಕಲಿಯುವವರು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಿಂದ ಬಂದವರಾದಾಗ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಒಂದು, ಅವರು 'ಪರದೇಶದ ಇತಿಹಾಸ' ಎಂದು ಕಲಿಯುತ್ತಿರುವುದರಲ್ಲಿ ಅವರ ಊರಿನ ಇತಿಹಾಸವೂ ಹೆಸರಿಲ್ಲದೆ ಸೇರಿಕೊಂಡಿದೆ. ಎರಡು, ಪೌರ ಜೀವನವನ್ನು ಕುರಿತ ಮಾತುಗಳನ್ನು ಅವರು ಹಿಂದೆಂದೂ ಮನೆಮಾತಿನಲ್ಲಿ ಕಲಿತವರಲ್ಲ. ಈ ಎರಡನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರೀಕ್ಷೆಯ ಹಿನ್ನೆಲೆ

ಬ್ರಿಟನ್ನಿನ ಪೌರತ್ವ ಬಯಸುವವರಿಗೆ ಭಾಷಾಜ್ಞಾನದ ಷರತ್ತು 1981ರ ಬ್ರಿಟಿಷ್ ರಾಷ್ಟ್ರೀಯತಾ ಕಾಯಿದೆಯಲ್ಲಿಯೇ ಇತ್ತು. ಆ ದೇಶದ ಜೀವನದ ಬಗೆಗೂ ಸಾಕಷ್ಟು ತಿಳಿವಳಿಕೆ ಇರಬೇಕೆಂಬ ಷರತ್ತನ್ನು ಸೇರಿಸಿದ್ದು 2002ರ ರಾಷ್ಟ್ರೀಯತೆ, ವಲಸೆ ಮತ್ತು ಆಶ್ರಯ ಕಾಯಿದೆ. ಅದನ್ನು ಜಾರಿಗೆ ತರುವ ಬಗೆಯನ್ನು ಸೂಚಿಸಲು ನೇಮಕವಾದ ಸಲಹಾ ಸಮಿತಿಗೆ ರಾಜ್ಯಶಾಸ್ತ್ರಜ್ಞ ಸರ್ ಬರ್ನಾರ್ಡ್ ಕ್ರಿಕ್ ಅಧ್ಯಕ್ಷರಾಗಿದ್ದರು. ಜಾರ್ಜ್ ಆರ್ವೆಲ್‌ನ ಜೀವನಚರಿತ್ರೆಯನ್ನು ಬರೆದವರೆಂದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಅವರು ಪರಿಚಿತರು. ಸಮಿತಿಯ ವರದಿ 2003ರಲ್ಲಿ ಬಂತು. 2004ರ ಫೆಬ್ರುವರಿಯಲ್ಲಿ ಲಂಡನ್ನಿನ ಬ್ರೆಂಟ್‌ನಲ್ಲಿ ಮೊದಲ ಪೌರತ್ವ ಸಮಾರಂಭ ನಡೆಯಿತು. ಅದೇ ವರ್ಷ ಕೈಪಿಡಿಯ ಮೊದಲ ಆವೃತ್ತಿ ಹೊರಬಂತು. 2005ರ ನವೆಂಬರ್ 1ರಿಂದ ಪೌರತ್ವ ಬಯಸುವವರಿಗೂ, 2007ರ ಏಪ್ರಿಲ್‌ನಿಂದ ಖಾಯಂ ವಾಸದ ಅನುಮತಿ ಬಯಸುವವರಿಗೂ ಪರೀಕ್ಷೆ ಕಡ್ಡಾಯವಾಯಿತು.

ಪರೀಕ್ಷೆಯ ಸ್ವರೂಪ ಸರಳ. ಗಣಕಯಂತ್ರದ ಮುಂದೆ ಕುಳಿತು 45 ನಿಮಿಷಗಳಲ್ಲಿ 24 ಪ್ರಶ್ನೆಗಳಿಗೆ ಉತ್ತರ ಗುರುತಿಸಬೇಕು. ಕನಿಷ್ಠ 18 ಸರಿಯಾಗಿರಬೇಕು. ಹದಿನೆಂಟರಿಂದ ಅರವತ್ತನಾಲ್ಕು ವಯಸ್ಸಿನವರಿಗೆ ಇದು ಅನ್ವಯ. ನಪಾಸಾದವರು ಮತ್ತೆ ಶುಲ್ಕ ಕಟ್ಟಿ ಮತ್ತೆ ಬರೆಯಬಹುದು. ಬರೆಯಬೇಕಾದ ವಾಕ್ಯ ಒಂದೂ ಇಲ್ಲ: ಕೊಟ್ಟ ಉತ್ತರಗಳಲ್ಲಿ ಒಂದನ್ನೋ ಎರಡನ್ನೋ ಆರಿಸಬೇಕು, ಇಲ್ಲವೇ ಹೇಳಿಕೆ ಸರಿಯೋ ತಪ್ಪೋ ಎಂದು ಗುರುತಿಸಬೇಕು. ಅರ್ಥೈಸುವಿಕೆಗೆ ಇಲ್ಲಿ ಸ್ಥಳವಿಲ್ಲ. ಇತಿಹಾಸವೆಂದರೆ ಒಂದೇ ಸರಿಯುತ್ತರವಿರುವ ಸಂಗತಿ ಎಂಬ ಗ್ರಹಿಕೆ ಪರೀಕ್ಷೆಯ ವಿಧಾನದಲ್ಲಿಯೇ ಅಡಕವಾಗಿದೆ.

ಕೈಪಿಡಿಯ ಆವೃತ್ತಿಗಳನ್ನು ಹೋಲಿಸಿದರೆ ಒಂದು ಮುಖ್ಯ ಬದಲಾವಣೆ ಕಾಣಸಿಗುತ್ತದೆ. ಮೊದಲ ಎರಡು ಆವೃತ್ತಿಗಳಲ್ಲಿ ಇತಿಹಾಸದ ಅಧ್ಯಾಯವಿದ್ದರೂ ಅದರಿಂದ ಪ್ರಶ್ನೆ ಕೇಳುತ್ತಿರಲಿಲ್ಲ. ದಿನನಿತ್ಯದ ವ್ಯವಹಾರಕ್ಕೆ, ಅಂದರೆ ವೈದ್ಯರ ಬಳಿ ಹೆಸರು ನೋಂದಾಯಿಸುವುದು, ಮನೆ ಬಾಡಿಗೆ, ಶಾಲೆ, ಉದ್ಯೋಗ ಇಂಥವಕ್ಕೆ ಹೆಚ್ಚಿನ ಮಹತ್ವವಿತ್ತು. 2013ರ ಮೂರನೆಯ ಆವೃತ್ತಿಯಲ್ಲಿ ಇತಿಹಾಸದ ಅಧ್ಯಾಯ ದೊಡ್ಡದಾಗಿ ಬೆಳೆದು ಪ್ರಶ್ನೆಗಳಿಗೂ ಆಕರವಾಯಿತು. ವ್ಯವಹಾರದ ಮಾಹಿತಿಯಲ್ಲಿ ಬಹಳಷ್ಟು ಹೊರಗುಳಿಯಿತು. ಹೊಸಬರು ಬದುಕಲು ತಿಳಿದಿರಬೇಕಾದುದಕ್ಕಿಂತ, ದೇಶ ತನ್ನನ್ನು ಕುರಿತು ಹೇಳಿಕೊಳ್ಳಬಯಸುವುದೇ ಪಠ್ಯವಾಯಿತು. ಡರಂ ವಿಶ್ವವಿದ್ಯಾಲಯದ ಥಾಮ್ ಬ್ರೂಕ್ಸ್ ಅಮೆರಿಕದಲ್ಲಿ ಹುಟ್ಟಿ, ತಾವೂ ಈ ಪರೀಕ್ಷೆ ಬರೆದು ಬ್ರಿಟಿಷ್ ಪೌರರಾದವರು. ಪರೀಕ್ಷೆಗೆ ಅಗತ್ಯವಾದ ಜ್ಞಾನವೇ ಬೇರೆ, ಜೀವನಕ್ಕೆ ಅಗತ್ಯವಾದ ಜ್ಞಾನವೇ ಬೇರೆ ಎಂಬುದನ್ನು ಅವರು 2013ರ ತಮ್ಮ ವರದಿಯಲ್ಲಿ ವಿವರವಾಗಿ ತೋರಿಸಿದ್ದಾರೆ. 2020ರ ಜುಲೈಯಲ್ಲಿ ನೂರೈವತ್ತಕ್ಕೂ ಹೆಚ್ಚು ಇತಿಹಾಸಕಾರರು ಬಹಿರಂಗ ಪತ್ರವೊಂದಕ್ಕೆ ಸಹಿ ಹಾಕಿ, ಗುಲಾಮಗಿರಿ ಮತ್ತು ಸಾಮ್ರಾಜ್ಯದ ವಿಚಾರದಲ್ಲಿ ಕೈಪಿಡಿ ದಾರಿ ತಪ್ಪಿಸುವಂತಿದೆ ಎಂದು ಆಕ್ಷೇಪಿಸಿದರು. 2022ರಲ್ಲಿ ಆ ದೇಶದ ಮೇಲ್ಮನೆಯ ಸಮಿತಿಯೊಂದು ಕೂಡ ಪರೀಕ್ಷೆಯ ಪರಿಷ್ಕರಣೆ ಆಗಬೇಕೆಂದು ಹೇಳಿತು.

ಈ ಆಕ್ಷೇಪಗಳೆಲ್ಲ ಬ್ರಿಟನ್ನಿನ ಒಳಗಿನಿಂದ ಬಂದವು. ಅದೇ ಕೈಪಿಡಿಯನ್ನು ಸಿರುಮುಗೈಯ ಜಗಲಿಯಲ್ಲಿ ತೆರೆದಾಗ ಬೇರೆಯೇ ಪ್ರಶ್ನೆಗಳು ಮೂಡುತ್ತವೆ.

ಅದೇ ಇತಿಹಾಸ, ಕೊಯಮತ್ತೂರಿನಿಂದ

ಎರಡು ಉದಾಹರಣೆಗಳನ್ನು ನೋಡೋಣ. ಕೈಪಿಡಿಯಲ್ಲಿ ವೆಲ್ಲಿಂಗ್ಟನ್ ಡ್ಯೂಕ್‌ನ ಹೆಸರು ಬರುತ್ತದೆ: 1815ರ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು, ಮುಂದೆ ಪ್ರಧಾನಿಯಾದವನು. ವಿದ್ಯಾರ್ಥಿನಿ ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು. ಆದರೆ ಈತ ಆರ್ಥರ್ ವೆಲ್ಲೆಸ್ಲಿ ಆಗಿದ್ದಾಗ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಭಾಗವಹಿಸಿ, ಅದು ಬಿದ್ದ ಮೇಲೆ ಅಲ್ಲಿನ ಆಡಳಿತ ನೋಡಿಕೊಂಡವನು. ಅದುವರೆಗೆ ಮೈಸೂರಿನ ಆಳ್ವಿಕೆಗೆ ಸೇರಿದ್ದ ಕೊಯಮತ್ತೂರು ಸೀಮೆ ಕಂಪನಿಯ ಕೈಸೇರಿದ್ದು ಆ ಯುದ್ಧದಿಂದಲೇ. ಮರುವರ್ಷ, 1800ರ ಜೂನ್‌ನಲ್ಲಿ, ಕೊಯಮತ್ತೂರಿನ ಕಂಪನಿ ಪಾಳೆಯದ ಮೇಲೆ ದಾಳಿ ಮಾಡುವ ಪ್ರಯತ್ನ ನಡೆದು ವಿಫಲವಾಯಿತು. ಇದು ದಕ್ಷಿಣದ ವಿವಿಧ ಭಾಗಗಳ ನಾಯಕರು ಧೋಂಡಿಯ ವಾಘನೊಡನೆ ಸಂಪರ್ಕವಿಟ್ಟುಕೊಂಡು ರೂಪಿಸಿದ ದೊಡ್ಡ ಬಂಡಾಯದ ಭಾಗವೆಂದು ಇತಿಹಾಸಕಾರ ಕೆ. ರಾಜಯ್ಯನ್ 1971ರ ತಮ್ಮ ಗ್ರಂಥದಲ್ಲಿ ನಿರೂಪಿಸಿದ್ದಾರೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಧೋಂಡಿಯನನ್ನು ಬೆನ್ನಟ್ಟಿ ಕೊಂದ ಸೈನ್ಯದ ನಾಯಕ ಇದೇ ವೆಲ್ಲೆಸ್ಲಿ. ಇಂದಿನ ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಸೀಮೆಯ ಧೀರನ್ ಚಿನ್ನಮಲೈಯನ್ನು 1805ರಲ್ಲಿ ಸಂಕಗಿರಿಯಲ್ಲಿ ಗಲ್ಲಿಗೇರಿಸುವುದರೊಂದಿಗೆ ಈ ಭಾಗದ ಪ್ರತಿರೋಧದ ಒಂದು ಘಟ್ಟ ಮುಗಿಯಿತು.

ಮೇಟ್ಟುಪಾಳೆಯಂನಿಂದ ಬೆಟ್ಟ ಹತ್ತಿದರೆ ಕೂನೂರಿನ ಪಕ್ಕದಲ್ಲಿ ಇಂದಿಗೂ ವೆಲ್ಲಿಂಗ್ಟನ್ ಎಂಬ ದಂಡುಪ್ರದೇಶವಿದೆ. ವಿದ್ಯಾರ್ಥಿನಿಗೆ ಅದು ಚಿಕ್ಕಂದಿನಿಂದ ಗೊತ್ತಿದ್ದ, ಬೆಟ್ಟದ ರೈಲು ನಿಲ್ಲುವ ಊರಿನ ಹೆಸರು. ಪುಸ್ತಕದ ಡ್ಯೂಕನೂ ಊರ ಪಕ್ಕದ ನಿಲ್ದಾಣವೂ ಒಂದೇ ಹೆಸರಿನವೆಂಬುದು ಓದುವಾಗ ಮಾತ್ರ ಆಕೆಗೆ ಹೊಳೆಯಿತು. ಅಲ್ಲಿಂದ ಮುಂದೆ ಆತನ ಹೆಸರು ಆಕೆಗೆ ಮರೆಯಲಿಲ್ಲ.

ಎರಡನೆಯ ಉದಾಹರಣೆ ನೇಕಾರ ಮನೆಗೆ ಇನ್ನಷ್ಟು ಹತ್ತಿರದ್ದು. ಕೈಗಾರಿಕಾ ಕ್ರಾಂತಿಯ ಭಾಗದಲ್ಲಿ ಕೈಪಿಡಿ ರಿಚರ್ಡ್ ಆರ್ಕ್‌ರೈಟ್‌ನನ್ನು ವಿಶೇಷವಾಗಿ ಪರಿಚಯಿಸುತ್ತದೆ. 1732ರಲ್ಲಿ ಹುಟ್ಟಿದ ಈತ ಮೊದಲು ಕಲಿತದ್ದು ಕ್ಷೌರದ ಕೆಲಸ. ಆಮೇಲೆ ಜವಳಿ ಉದ್ಯಮಕ್ಕೆ ಬಂದು ಅರಳೆಯನ್ನು ಹಿಂಜಿ ನೂಲುವುದಕ್ಕೆ ಹದಮಾಡುವ ಯಂತ್ರವನ್ನು ಸುಧಾರಿಸಿದ. ಈ ಯಂತ್ರಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ನಾನು ಯೋಚಿಸುತ್ತಿದ್ದಾಗ ತಾತನೇ "ಕಾರ್ಡಿಂಗ್ ಮಿಷಿನ್ ತಾನೆ?" ಎಂದರು. ಗಿರಣಿಗಳ ಕೊಯಮತ್ತೂರಿನಲ್ಲಿ ಆ ಇಂಗ್ಲಿಷ್ ಪದ ಎಂದೋ ಮನೆಮಾತಾಗಿದೆ.

ಆರ್ಕ್‌ರೈಟ್‌ನ ಯಂತ್ರಗಳಿಂದ ಬೆಳೆದ ಲ್ಯಾಂಕಾಶೈರಿನ ನೂಲೂ ಬಟ್ಟೆಯೂ ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಭಾರತದ ಮಾರುಕಟ್ಟೆಗಳನ್ನು ತುಂಬಿದವು. ಕೈನೂಲುವವರ ಕಸುಬು ಕುಸಿಯಿತು. ಅನೇಕ ಕೈಮಗ್ಗದವರು ಗಿರಣಿಯ ನೂಲನ್ನು ಬಳಸುತ್ತ, ಯಂತ್ರ ನೇಯಲಾಗದ ಅಂಚು-ಸೆರಗಿನ ಸೀರೆಗಳನ್ನು ಹಿಡಿದುಕೊಂಡು ಉಳಿದರು. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಕೊಯಮತ್ತೂರಿನಲ್ಲಿ ನೂಲುವ ಗಿರಣಿ ಆರಂಭಿಸಿದರು. 1930ರ ದಶಕದಲ್ಲಿ ಪೈಕಾರದ ಜಲವಿದ್ಯುತ್ ಬಂದ ಮೇಲೆ ಗಿರಣಿಗಳು ಸುತ್ತಲೂ ಹರಡಿದವು. ತಿರುಪ್ಪೂರು ಮೊದಲು ಖಾದಿಯ ದೊಡ್ಡ ಕೇಂದ್ರವಾಗಿತ್ತು. ಅನಂತರ ಬನಿಯನ್ನಿನ ಊರಾಯಿತು. ಇಂದು ಅಲ್ಲಿನ ಹೊಸೈರಿ ಉಡುಪು ಬ್ರಿಟನ್ನಿನ ಅಂಗಡಿಗಳನ್ನೂ ತಲುಪುತ್ತದೆ. 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಲ್ಯಾಂಕಾಶೈರಿನ ಡಾರ್ವೆನ್‌ಗೆ ಹೋಗಿ, ವಿದೇಶಿ ಬಟ್ಟೆಯ ಬಹಿಷ್ಕಾರದ ಬಿಸಿ ತಟ್ಟಿದ್ದ ಗಿರಣಿ ಕಾರ್ಮಿಕರನ್ನು ಕಂಡರು. ನಾಲ್ಕು ತಿಂಗಳೊಳಗೆ, 1932ರ ಜನವರಿ 11ರಂದು, ಚೆನ್ನಿಮಲೈಯ ನೇಕಾರ ಮನೆತನದ ಕುಮಾರನ್ ತಿರುಪ್ಪೂರಿನ ಮೆರವಣಿಗೆಯಲ್ಲಿ ಪೊಲೀಸರ ಏಟು ತಿಂದು, ಧ್ವಜವನ್ನು ಕೈಬಿಡದೆ ಪ್ರಾಣ ಕಳೆದುಕೊಂಡರು.

ಇದನ್ನೆಲ್ಲ ಕೈಪಿಡಿ ಹೇಳಬೇಕಿತ್ತು ಎಂಬುದು ನನ್ನ ವಾದವಲ್ಲ. ಯಾವ ದೇಶದ ಕೈಪಿಡಿಯೂ ಎಲ್ಲರ ಊರನ್ನೂ ಹೇಳಲಾರದು. ಆದರೆ ಆ ಪುಸ್ತಕದಲ್ಲಿ ಭಾರತ ಹೇಗೆ ಬರುತ್ತದೆ ಎಂಬುದನ್ನು ಗಮನಿಸಬೇಕು. ವ್ಯಾಪಾರಕ್ಕೆಂದು ಹುಟ್ಟಿದ ಕಂಪನಿ ಭಾರತದ ಬಹುಭಾಗದ ಮೇಲೆ ಹಿಡಿತ ಪಡೆಯಿತು ಎಂಬಷ್ಟು ಮಾತು; 1810ರಲ್ಲಿ ಲಂಡನ್ನಿನಲ್ಲಿ ಮೊದಲ ಭಾರತೀಯ ಊಟದ ಮನೆ ತೆರೆದ ಸೇಖ್ ದೀನ್ ಮಹಮ್ಮದನ ಪರಿಚಯ; ಬಹುಮಟ್ಟಿಗೆ ಕ್ರಮಬದ್ಧವಾಗಿ ನಡೆಯಿತೆಂದು ಹೇಳುವ ಅಧಿಕಾರ ಹಸ್ತಾಂತರ; ಹಬ್ಬಗಳ ಪಟ್ಟಿಯಲ್ಲಿ ದೀಪಾವಳಿ. ಇವು ಸುಳ್ಳಲ್ಲ, ಆದರೆ ಇವುಗಳ ನಡುವಣ ಸಂಬಂಧವನ್ನು ಹೇಳುವ ಎಳೆ ಇಲ್ಲ. ಹಾಸು ಇದೆ, ಹೊಕ್ಕು ಇಲ್ಲ. ಓದುಗರೇ ತಮ್ಮ ಊರಿನ ನೆನಪಿನಿಂದ ಹೊಕ್ಕನ್ನು ಹಾಕಿಕೊಳ್ಳಬೇಕಾಗುತ್ತದೆ.

ತಾತನ ಮಾತು

ಇನ್ನು ತಾತನ ಮಾತಿಗೆ ಬರೋಣ. ಸಿರುಮುಗೈ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಅಂದರೆ ನೇರ ಬ್ರಿಟಿಷ್ ಆಳ್ವಿಕೆಯ ಪ್ರದೇಶ. 1947ಕ್ಕೆ ಮುಂಚೆ ಅಲ್ಲಿ ಹುಟ್ಟಿದ ಮಗು ಕಾನೂನಿನ ಪ್ರಕಾರ ಬ್ರಿಟಿಷ್ ಪ್ರಜೆ. ಲಂಡನ್ನಿನಲ್ಲಿ ಹುಟ್ಟಿದ ಮಗುವಿಗಿದ್ದ ಹೆಸರೂ ಅದೇ, ಹಕ್ಕುಗಳು ಮಾತ್ರ ಅವೇ ಅಲ್ಲ. ಕನ್ನಡ ಓದುಗರಿಗೆ ಇಲ್ಲಿ ಇನ್ನೊಂದು ಸೂಕ್ಷ್ಮವೂ ಕುತೂಹಲಕರ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಚಾಮರಾಜನಗರ ಮೈಸೂರು ಸಂಸ್ಥಾನದಲ್ಲಿತ್ತು. ಕೊಳ್ಳೇಗಾಲದಲ್ಲಿ ಹುಟ್ಟಿದ ಕನ್ನಡಿಗ ಬ್ರಿಟಿಷ್ ಪ್ರಜೆ. ಚಾಮರಾಜನಗರದಲ್ಲಿ ಹುಟ್ಟಿದ ಕನ್ನಡಿಗ ಮಹಾರಾಜರ ಪ್ರಜೆ, ಬ್ರಿಟಿಷರ ಲೆಕ್ಕದಲ್ಲಿ ಕೇವಲ 'ರಕ್ಷಿತ ವ್ಯಕ್ತಿ'. ಒಂದೇ ಭಾಷೆ, ಒಂದೇ ಸಂತೆ, ಆದರೆ ಎರಡು ಬಗೆಯ ರಾಜಕೀಯ ಅಸ್ತಿತ್ವ.

1948ರ ಬ್ರಿಟಿಷ್ ರಾಷ್ಟ್ರೀಯತಾ ಕಾಯಿದೆಯ ಪ್ರಕಾರ ಸ್ವತಂತ್ರ ಭಾರತದವರೂ ಕಾಮನ್‌ವೆಲ್ತ್ ಪೌರರೆಂಬ ನೆಲೆಯಲ್ಲಿ ಬ್ರಿಟನ್ನಿಗೆ ಹೋಗಿ ನೆಲೆಸುವ ಹಕ್ಕು ಉಳಿಸಿಕೊಂಡಿದ್ದರು. ಆ ಬಾಗಿಲನ್ನು ಮೊದಲು ಕಿರಿದುಗೊಳಿಸಿದ್ದು 1962ರ ಕಾಮನ್‌ವೆಲ್ತ್ ವಲಸೆಗಾರರ ಕಾಯಿದೆ. ಹೀಗೆ ತಾತ ಯೌವನದಲ್ಲಿ ಹೊರಟಿದ್ದರೆ ಇತಿಹಾಸದ ಒಂದು ತಾರೀಖನ್ನೂ ಹೇಳದೆ ಅಲ್ಲಿ ನೆಲೆಸಬಹುದಿತ್ತು. ಅವರ ಮೊಮ್ಮಗಳು ಅದೇ ಆಳ್ವಿಕೆಯ ಕಥೆಯನ್ನು ಕಲಿತು ಒಪ್ಪಿಸಬೇಕು. ಒಂದೇ ಮನೆಯ ಎರಡು ತಲೆಮಾರುಗಳ ನಡುವಿನ ಈ ಅಂತರವೇ ಕೈಪಿಡಿಯಲ್ಲಿ ಇಲ್ಲದ ಅಧ್ಯಾಯ.

ಆ ಹಳೆಯ ಸಂಬಂಧದ ಒಂದು ಅವಶೇಷ ಇಂದಿಗೂ ಜೀವಂತವಾಗಿದೆ. ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ವಾಸಿಸುವ ಕಾಮನ್‌ವೆಲ್ತ್ ಪೌರರು, ಅಂದರೆ ಭಾರತೀಯರೂ, ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಅದಕ್ಕೆ ಪೌರತ್ವವೂ ಬೇಡ, ಈ ಪರೀಕ್ಷೆಯೂ ಬೇಡ. ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿದರೆ ಸಾಕು. ನಮ್ಮ ವಿದ್ಯಾರ್ಥಿನಿಗೆ ಇದು ಗೊತ್ತಿರಲಿಲ್ಲ. ಪೌರ ಜೀವನದ ಅತ್ಯಂತ ಮುಖ್ಯವಾದ ಹಕ್ಕು ತನಗೆ ಆಗಲೇ ಇದೆ ಎಂದು ತಿಳಿದಾಗ ಆಕೆ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಇನ್ನೊಂದು ಸಂಗತಿಯೂ ಇಲ್ಲಿ ಮುಖ್ಯ. ಖಾಯಂ ವಾಸಕ್ಕೂ ಪೌರತ್ವಕ್ಕೂ ಪರೀಕ್ಷೆ ಒಂದೇ. ಆದರೆ ಪರಿಣಾಮ ಬೇರೆ. ಖಾಯಂ ವಾಸದ ಅನುಮತಿ ಪಡೆದವರು ಭಾರತೀಯರಾಗಿಯೇ ಉಳಿಯುತ್ತಾರೆ. ಬ್ರಿಟಿಷ್ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದ ಕ್ಷಣ, ಭಾರತದ 1955ರ ಪೌರತ್ವ ಕಾಯಿದೆಯ 9ನೆಯ ಪ್ರಕರಣದಂತೆ ಭಾರತೀಯ ಪೌರತ್ವ ಕೊನೆಗೊಳ್ಳುತ್ತದೆ. ಸಾಗರೋತ್ತರ ಭಾರತೀಯರೆಂಬ ಕಾರ್ಡಿನಿಂದ ಬಂದುಹೋಗಲು, ನೆಲೆಸಲು ಅವಕಾಶವುಂಟು. ಮತದಾನದ ಹಕ್ಕಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. ಆದ್ದರಿಂದ ಪರೀಕ್ಷೆಯಲ್ಲಿ ಉತ್ತೀರ್ಣಳಾಗುವುದು ಒಂದು ತೀರ್ಮಾನ. ಆಮೇಲೆ ಯಾವ ಅರ್ಜಿಗೆ ಸಹಿ ಹಾಕುವುದು ಎಂಬುದು ಇನ್ನೊಂದು, ಅದಕ್ಕಿಂತ ಭಾರವಾದ ತೀರ್ಮಾನ. ಮೊದಲನೆಯದಕ್ಕೆ ಕೈಪಿಡಿ ಇದೆ. ಎರಡನೆಯದನ್ನು ಮನೆಯವರೊಡನೆ ಮನೆಮಾತಿನಲ್ಲಿ ಮಾತನಾಡಿಯೇ ಕೈಗೊಳ್ಳಬೇಕು.

ಪದಗಳು ಬರುವ ದಾರಿ

ಆದರೆ ಆ ಮಾತುಕತೆಗೆ ಬೇಕಾದ ಪದಗಳು ಮನೆಮಾತಿನಲ್ಲಿ ಇವೆಯೇ? 'ಸಿಟಿಜನ್' ಎಂಬ ಇಂಗ್ಲಿಷ್ ಪದದ ಬೇರು ನಗರದಲ್ಲಿದೆ. ಕನ್ನಡದ 'ಪೌರ'ವೂ ಹಾಗೆಯೇ, ಪುರದಲ್ಲಿ ವಾಸಿಸುವವನು. ಆದರೆ ನಮ್ಮ ವಿದ್ಯಾರ್ಥಿನಿಗೆ ಪರಿಚಿತವಾದುದು ತಮಿಳಿನ 'ಕುಡಿಯುರಿಮೈ'. ಕುಡಿ ಎಂದರೆ ನೆಲೆಸಿದ ಕುಟುಂಬ, ಒಕ್ಕಲು, ಆಳ್ವಿಕೆಗೆ ಒಳಪಟ್ಟ ಜನ. ಉರಿಮೈ ಎಂದರೆ ಹಕ್ಕು. ಕನ್ನಡದಲ್ಲಿ ಕುಡಿ ಎಂದರೆ ಚಿಗುರು. 'ಮನೆತನದ ಕುಡಿ' ಎಂಬಲ್ಲಿ ಸಂತತಿ. 'ಪೌರತ್ವ' ಎಂಬ ಪದ ಆಕೆಗೆ ನನ್ನ ಬಾಯಿಂದಲೇ ಮೊದಲು ಕೇಳಿಬಂದದ್ದು. ಕನ್ನಡದ್ದಾದರೂ ಅದು ಆಕೆಗೆ ಇಂಗ್ಲಿಷಿನಷ್ಟೇ ದೂರ. 'ಕುಡಿ' ಮಾತ್ರ ಎರಡೂ ಭಾಷೆಗಳ ನಡುವೆ ನಿಂತು ಅರ್ಥ ಕೊಟ್ಟಿತು.

'ಅರಸು' ಇನ್ನೂ ಸ್ವಾರಸ್ಯಕರ. ಕನ್ನಡದಲ್ಲಿ ಅರಸು ಎಂದರೆ ರಾಜ. ತಮಿಳಿನಲ್ಲಿ ಅರಸನ್ ರಾಜ. ಅರಸು ಎಂದರೆ ಸರ್ಕಾರ. ಬ್ರಿಟನ್ನಿನಲ್ಲಿ ಸರ್ಕಾರ ನಡೆಯುವುದು ರಾಜನ ಹೆಸರಿನಲ್ಲಿ, ಅಧಿಕಾರವಿರುವುದು ಚುನಾಯಿತರ ಕೈಯಲ್ಲಿ ಎಂಬ ಅಧ್ಯಾಯವನ್ನು ಎರಡು ಭಾಷೆ ಬಲ್ಲ ಆಕೆ ತಾನೇ ಒಂದು ಮಾತಿನಲ್ಲಿ ಹಿಡಿದಳು: "ನಮ್ಮ ಅರಸು ಹೆಸರಿಗೆ, ತಮಿಳಿನ ಅರಸು ಕೆಲಸಕ್ಕೆ." ತಮಿಳಿನಲ್ಲಿ ಗಣರಾಜ್ಯಕ್ಕೆ 'ಕುಡಿಯರಸು', ರಾಜಪ್ರಭುತ್ವಕ್ಕೆ 'ಮುಡಿಯರಸು' ಎನ್ನುತ್ತಾರೆ. ಜನರ ಆಳ್ವಿಕೆ ಒಂದು, ಕಿರೀಟದ ಆಳ್ವಿಕೆ ಇನ್ನೊಂದು. ಪೆರಿಯಾರರು 1925ರಲ್ಲಿ 'ಕುಡಿ ಅರಸು' ಪತ್ರಿಕೆಯನ್ನು ಆರಂಭಿಸಿದ ಈರೋಡು ಆಗ ಕೊಯಮತ್ತೂರು ಜಿಲ್ಲೆಯಲ್ಲಿಯೇ ಇತ್ತು. ಪೆರಿಯಾರರ ಮನೆತನದ ಕನ್ನಡ ಹಿನ್ನೆಲೆಯೂ ಪ್ರಸಿದ್ಧವೇ. ಪೌರ ಜೀವನದ ಹೊಸ ಪದಗಳನ್ನು ಈ ಸೀಮೆಯ ಕನ್ನಡ ಮನೆಗಳವರು ತಮಿಳಿನ ಮೂಲಕವೇ ಕಲಿತರು, ಕೆಲವರು ತಮಿಳಿನಲ್ಲಿಯೇ ಅವುಗಳನ್ನು ಜನಪ್ರಿಯಗೊಳಿಸಿದರು.

'ಪ್ರಜೆ' ಎಂಬ ಪದವನ್ನೂ ಇಲ್ಲಿ ನೆನೆಯಬೇಕು. ಇಂಗ್ಲಿಷಿನಲ್ಲಿ ಆಳಿಸಿಕೊಳ್ಳುವವನಿಗೆ ಒಂದು ಪದ, ಹಕ್ಕುಳ್ಳ ಪೌರನಿಗೆ ಇನ್ನೊಂದು ಪದ. ಬ್ರಿಟನ್ನಿನ ಕಾನೂನು ಮೊದಲನೆಯದರಿಂದ ಎರಡನೆಯದಕ್ಕೆ ಬರಲು 1948ರಿಂದ 1983ರವರೆಗೆ ಕಾಲ ತೆಗೆದುಕೊಂಡಿತು. ಕನ್ನಡದಲ್ಲಿ ಎರಡಕ್ಕೂ 'ಪ್ರಜೆ' ಸಾಕಾಗುತ್ತದೆ. ತಾತ ಪ್ರಜೆಯಾಗಿದ್ದರು ಎಂದಾಗಲೂ ಮೊಮ್ಮಗಳು ಪ್ರಜೆಯಾಗುತ್ತಾಳೆ ಎಂದಾಗಲೂ ನಾವು ಒಂದೇ ಪದ ಬಳಸುತ್ತೇವೆ. ಪದ ಒಂದೇ ಎಂಬ ಕಾರಣಕ್ಕೆ ಸ್ಥಿತಿಯೂ ಒಂದೇ ಎಂದು ಭ್ರಮಿಸದಂತೆ ನಾವು ಎಚ್ಚರವಹಿಸಬೇಕು.

ಭಾಷೆಯ ಷರತ್ತು

ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನದಲ್ಲಿ ತೊಡಗಿದವರಿಗೆ ಈ ಪರೀಕ್ಷೆಯ ಒಂದು ಅಂಶ ವಿಶೇಷವಾಗಿ ಮಹತ್ವದ್ದು. 1981ರ ಕಾಯಿದೆ ಕೇಳುವುದು ಇಂಗ್ಲಿಷಿನ ಜ್ಞಾನವನ್ನು ಮಾತ್ರವಲ್ಲ. ಇಂಗ್ಲಿಷ್, ವೆಲ್ಷ್ ಅಥವಾ ಸ್ಕಾಟಿಷ್ ಗೇಲಿಕ್ ಭಾಷೆಯ ಜ್ಞಾನವನ್ನು. ಪರೀಕ್ಷೆಯನ್ನು ವೇಲ್ಸ್‌ನಲ್ಲಿ ವೆಲ್ಷ್‌ನಲ್ಲಿಯೂ ಸ್ಕಾಟ್ಲೆಂಡಿನಲ್ಲಿ ಗೇಲಿಕ್‌ನಲ್ಲಿಯೂ ಬರೆಯಲು ಅವಕಾಶವುಂಟು. ವೇಲ್ಸ್‌ನಲ್ಲಿ ನಡೆಯುವ ಸಮಾರಂಭದಲ್ಲಿ ನಿಷ್ಠೆಯ ಪ್ರಮಾಣವನ್ನೂ ವೆಲ್ಷ್‌ನಲ್ಲಿ ಸ್ವೀಕರಿಸಬಹುದು. ಇವನ್ನು ಬಳಸುವವರು ಬಹಳ ವಿರಳವೆಂಬುದನ್ನು ಊಹಿಸಬಹುದು. ಆದರೂ ಚಿಕ್ಕ ಭಾಷೆಯೊಂದರಲ್ಲಿ ಪೌರರಾಗಬಹುದು ಎಂಬ ತತ್ತ್ವವನ್ನು ಕಾನೂನು ಒಪ್ಪಿಕೊಂಡಿದೆ.

ಭಾರತದ ಕಾನೂನು ಈ ವಿಚಾರದಲ್ಲಿ ಇನ್ನೂ ವಿಶಾಲ. 1955ರ ಕಾಯಿದೆಯ ಮೂರನೆಯ ಅನುಸೂಚಿಯ ಪ್ರಕಾರ ಭಾರತದ ಪೌರತ್ವ ಕೋರುವ ವಿದೇಶೀಯನಿಗೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವುದಾದರೂ ಒಂದು ಭಾಷೆಯ ಸಾಕಷ್ಟು ಜ್ಞಾನವಿದ್ದರೆ ಸಾಕು. ಅಂದರೆ ಕನ್ನಡ ಕಲಿತ ವಿದೇಶೀಯನೊಬ್ಬ ಭಾಷೆಯ ಷರತ್ತನ್ನು ಕನ್ನಡದಿಂದಲೇ ಪೂರೈಸಬಹುದು. ಹೊರಗಿನಿಂದ ಬರುವವರಿಗೆ ಕನ್ನಡ ಪೌರತ್ವದ ಬಾಗಿಲಾಗಬಲ್ಲದು. ಒಳಗೇ ಇರುವ ಕೊಯಮತ್ತೂರಿನ ಕನ್ನಡ ಮಗುವಿಗೆ?

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ದೊರಕಿಸುವುದನ್ನು ರಾಜ್ಯಗಳ ಹೊಣೆಯಾಗಿಸುತ್ತದೆ. 350ಬಿ ಅದರ ಮೇಲ್ವಿಚಾರಣೆಗೆ ವಿಶೇಷ ಅಧಿಕಾರಿಯನ್ನು ನೇಮಿಸುತ್ತದೆ. ಎರಡೂ 1956ರ ಏಳನೆಯ ತಿದ್ದುಪಡಿಯ ಕೊಡುಗೆ. 2011ರ ಜನಗಣತಿಯಂತೆ ತಮಿಳುನಾಡಿನ ಜನಸಂಖ್ಯೆಯಲ್ಲಿ ಕನ್ನಡ ಮಾತೃಭಾಷೆಯವರು ಶೇಕಡಾ ಎರಡಕ್ಕಿಂತ ತುಸು ಕಡಿಮೆ. ಆದರೆ ಕೊಯಮತ್ತೂರು, ತಿರುಪ್ಪೂರುಗಳ ದೇವಾಂಗರು, ಒಕ್ಕಲಿಗರು, ಕುರುಬರು ಒಂದೆಡೆ ಒತ್ತಾಗಿ ನೆಲೆಸಿದವರಲ್ಲ. ತಾಳವಾಡಿ, ಹೊಸೂರುಗಳಂತೆ ಗಡಿಗೆ ಅಂಟಿಕೊಂಡವರೂ ಅಲ್ಲ. ಅವರಲ್ಲಿ ಹೆಚ್ಚಿನವರಿಗೆ ಕನ್ನಡ ಲಿಪಿ ಬಾರದು. ಕನ್ನಡ ಅವರಿಗೆ ಒಲೆಯ, ಮಗ್ಗದ, ಮದುವೆಯ, ಚೌಡೇಶ್ವರಿಯ ಹಬ್ಬದ ಭಾಷೆ. ಅರ್ಜಿಯ, ಮತದ, ಹಕ್ಕಿನ ಭಾಷೆಯಲ್ಲ. ತಮಿಳು ಅವರಿಗೆ ಪರಕೀಯವೆಂದು ಇದರ ಅರ್ಥವಲ್ಲ. ಅವರು ತಮಿಳಿನಲ್ಲಿ ಚೆನ್ನಾಗಿ ಬೇರೂರಿದವರು. ಆದರೆ ಮನೆಯಲ್ಲಿ ಆಡುವ ಭಾಷೆಯಲ್ಲಿ ರಾಜ್ಯದ ಬಗ್ಗೆ ಮಾತನಾಡುವ ಅಭ್ಯಾಸವಿಲ್ಲದ ಸಮುದಾಯ, ಆ ಭಾಷೆಯನ್ನು ಕ್ರಮೇಣ ಸಣ್ಣ ವಿಷಯಗಳಿಗೆ ಮೀಸಲಿಡುತ್ತದೆ. ಭಾಷೆಯೊಂದು ಹಿಂಜರಿಯುವುದು ಬಹುಮಟ್ಟಿಗೆ ಹೀಗೆಯೇ.

ಮಾಡಬಹುದಾದುದು

ಮೇಲಿನ ಚರ್ಚೆಯಿಂದ ಮೂರು ಪ್ರಾಯೋಗಿಕ ಸೂಚನೆಗಳನ್ನು ಮುಂದಿಡಬಹುದು. ಮೊದಲನೆಯದಾಗಿ, ಇಂಥ ಪರೀಕ್ಷೆಗೆ ಓದುವವರು ಪ್ರತಿ ಅಧ್ಯಾಯದ ಎದುರು ತಮ್ಮ ಊರಿನ ಅದೇ ಕಾಲದ ಒಂದು ಸಂಗತಿಯನ್ನು ಬರೆದುಕೊಳ್ಳುವುದು ಲೇಸು. ವಾಟರ್ಲೂ ಎದುರಿಗೆ ಶ್ರೀರಂಗಪಟ್ಟಣ. ಆರ್ಕ್‌ರೈಟ್‌ನ ಎದುರಿಗೆ ಕೈನೂಲಿನ ಕುಸಿತ. 1928ರಲ್ಲಿ ಬ್ರಿಟನ್ನಿನ ಮಹಿಳೆಯರಿಗೆ ಪುರುಷರ ಸಮಾನವಾಗಿ ಮತ ದೊರೆತುದರ ಎದುರಿಗೆ 1950ರ ಸಂವಿಧಾನ ಎಲ್ಲರಿಗೂ ಒಮ್ಮೆಗೇ ಮತ ಕೊಟ್ಟುದು. ಇದರಿಂದ ನೆನಪು ಗಟ್ಟಿಯಾಗುತ್ತದೆ. ಜೊತೆಗೆ ಪುಸ್ತಕ ಹೇಳಿದ್ದಷ್ಟೇ ಇತಿಹಾಸವಲ್ಲ ಎಂಬ ವಿವೇಕವೂ ಉಳಿಯುತ್ತದೆ.

ಎರಡನೆಯದಾಗಿ, ಹೊರನಾಡ ಕನ್ನಡ ಮನೆಗಳಿಗಾಗಿ ಪೌರ ಜೀವನದ ಒಂದು ಚಿಕ್ಕ ಪದಕೋಶ ಬೇಕು. ಪೌರತ್ವ, ಖಾಯಂ ವಾಸ, ಮತದಾರರ ಪಟ್ಟಿ, ಪ್ರಮಾಣವಚನ, ಮೇಲ್ಮನವಿ ಇಂಥ ನೂರಿನ್ನೂರು ಪದಗಳಿಗೆ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲಿಯೂ ಸರಳ ವಿವರಣೆ ಇರಬೇಕು; ಕನ್ನಡದ ಭಾಗ ತಮಿಳು ಲಿಪಿಯಲ್ಲಿಯೂ ಇರಬೇಕು. ಲಿಪಿ ಬಾರದವರನ್ನು ಕನ್ನಡಿಗರಲ್ಲವೆಂದು ಬಿಟ್ಟುಬಿಡುವ ಸ್ಥಿತಿಯಲ್ಲಿ ನಾವಿಲ್ಲ. ನಮ್ಮಂಥ ಸಂಶೋಧನ ಕೇಂದ್ರಗಳು ಇದನ್ನು ಹೆಚ್ಚಿನ ವೆಚ್ಚವಿಲ್ಲದೆ ಕೈಗೊಳ್ಳಬಹುದು. ಮೂರನೆಯದಾಗಿ, 1947ಕ್ಕೆ ಮುಂಚೆ ಹುಟ್ಟಿದ ತಲೆಮಾರಿನ ಮಾತುಗಳನ್ನು ಮನೆಮಾತಿನಲ್ಲಿಯೇ ಧ್ವನಿಮುದ್ರಿಸಿ ಇಡಬೇಕು. ಬ್ರಿಟಿಷ್ ಪ್ರಜೆಯಾಗಿ ಹುಟ್ಟಿ, ಭಾರತೀಯ ಪೌರರಾಗಿ ಬಾಳಿ, ತಮಿಳು ನಾಡಿನಲ್ಲಿ ಕನ್ನಡ ಆಡಿದವರ ಅನುಭವ ಯಾವ ಕೈಪಿಡಿಯಲ್ಲಿಯೂ ಸಿಗುವಂಥದಲ್ಲ. ಆ ತಲೆಮಾರು ಈಗ ಎಂಬತ್ತರ ಅಂಚನ್ನು ದಾಟುತ್ತಿದೆ.

ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಕಲಬುರಗಿ ಮೂಲದವರೂ ಲ್ಯಾಂಬೆತ್‌ನ ಮಾಜಿ ಮೇಯರರೂ ಆದ ನೀರಜ್ ಪಾಟೀಲರ ಪ್ರಯತ್ನ ಅದರ ಹಿಂದೆ ಇತ್ತು. ಕನ್ನಡಿಗರು ಆ ದೇಶದ ಪೌರ ಜೀವನದಲ್ಲಿ ಪಾಲ್ಗೊಂಡರೆ ಅಲ್ಲಿನ ಸಾರ್ವಜನಿಕ ಸ್ಥಳದಲ್ಲಿ ನಮ್ಮ ಇತಿಹಾಸಕ್ಕೂ ಒಂದು ಜಾಗ ದೊರೆಯಬಹುದೆಂಬುದಕ್ಕೆ ಅದು ನಿದರ್ಶನ. ಸಿರುಮುಗೈಯ ಹುಡುಗಿ ರಜೆ ಮುಗಿಸಿ ಹೊರಡುವ ಮುನ್ನ ತನ್ನ ಕೈಪಿಡಿಯ ಹಿಂಬದಿಯ ಖಾಲಿ ಹಾಳೆಯಲ್ಲಿ ತಾತನ ಹೆಸರು, ಹುಟ್ಟಿದ ವರ್ಷ, ಅದರ ಮುಂದೆ 'ಬ್ರಿಟಿಷ್ ಪ್ರಜೆ' ಎಂದು ಬರೆದುಕೊಂಡಳು. ಲಿಪಿ ತಮಿಳು, ಮಾತು ಕನ್ನಡ. ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಆದರೆ ಯಾವ ಅರ್ಜಿಗೆ ಸಹಿ ಹಾಕುವುದೆಂದು ಆಕೆ ತೀರ್ಮಾನಿಸುವ ದಿನ ಆ ಹಾಳೆಯೂ ಆಕೆಯ ಕೈಯಲ್ಲಿರುತ್ತದೆ.